ಹರಕೆ ಮೂರು, ತಳಿ ಯಾವುದು?

ಪತ್ರ: “ಸಂಪಾದಕರಿಗೆ ಶರಣು. ನಮ್ದು ಆರು ಎಕರೆ ತೊಗರಿ ಹೊಲ. ಎರಡು ವರ್ಷ ಆತು, ಹೂ ಕಾಯಿ ಕಟ್ಟೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗ್ತಾವ. ಮಗಳ ಲಗ್ನ ಮುಂದಕ್ಕ ಹೋತು. ವಿಮಾ ಕಟ್ಟಿದ್ವಿ, ಅದೂ ಬರಲಿಲ್ಲ. ಗಾಣಗಾಪುರದ ಹರಕಿ ಬಾಕಿ ಅದ, ಅದಕ್ಕೇ ಹಿಂಗಾಗ್ಯಾದ ಅಂತ ಓಣ್ಯಾಗ ಅಂತಾರ. ಪುಣೆಯೊಳಗ ನೌಕರಿ ಮಾಡೋ ಮಗ, ‘ದೇವರೂ ಇಲ್ಲ ದಿಂಡರೂ ಇಲ್ಲ, ಅದು ಬೂಷ್ಟು, ಹೊಲ ಮಾರು’ ಅಂತಾನ. ನಾವು ಎಲ್ಲಾ ದೇವರ ಮ್ಯಾಲೆ ಬಿಟ್ಟೀವಿ. ಇನ್ನೂ ನಂಬಬೇಕೋ ಬ್ಯಾಡೋ?”
— ಓದುಗರೊಬ್ಬರು, ಆಳಂದ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ನಾಲ್ಕು ಪುಟವನ್ನು ಇಷ್ಟಕ್ಕೆ ಇಳಿಸಿದ್ದೇನೆ, ಕ್ಷಮಿಸಿ. ನಾನು ಬಿಟ್ಟ ಭಾಗದಲ್ಲಿ ಮೂರು ಹರಕೆಗಳಿವೆ: ಯಾವ ಅಮಾವಾಸ್ಯೆ, ಯಾರ ಜೊತೆ, ಎಷ್ಟು ತೆಂಗಿನಕಾಯಿ, ಎಲ್ಲ ವಿವರವಾಗಿ. ಬಿತ್ತಿದ ತಳಿ ಯಾವುದು, ಬೀಜ ಎಲ್ಲಿಯದು, ಅದೇ ಹೊಲದಲ್ಲಿ ಅದಕ್ಕೆ ಮೊದಲು ಏನಿತ್ತು ಎಂಬುದು ಮಾತ್ರ ನಾಲ್ಕು ಪುಟದಲ್ಲಿ ಎಲ್ಲಿಯೂ ಇಲ್ಲ. ದೇವರಿಗೆ ಬರೆದ ಪತ್ರದಲ್ಲೂ ಇದನ್ನು ಬಿಟ್ಟಿದ್ದರೆ ಅವನಾದರೂ ಏನು ಮಾಡಬೇಕು?

ಮಗನ ಪಾಲಿಗೆ ಸಲ್ಲಬೇಕಾದದ್ದನ್ನು ಮೊದಲು ಕೊಟ್ಟುಬಿಡೋಣ. ಅದು ಬೂಷ್ಟೇ. ನಮ್ಮ ಕಡೆ ನೆಟೆ ರೋಗ, ಕೃಷಿ ಇಲಾಖೆಯ ಭಾಷೆಯಲ್ಲಿ ಸೊರಗು ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಆದರೆ ಪುಣೆಯಿಂದ ಬೂಷ್ಟು ಎಂದವನು ಬಂದು ಒಂದು ಗಿಡ ಕಿತ್ತು ಸೀಳಿ ನೋಡಿದನೇ? ನೋಡದೆ ಹೇಳುವುದು ವಿಜ್ಞಾನವಲ್ಲ, ಅದೂ ಒಂದು ಬಗೆಯ ಕಣಿಯೇ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿದ್ದು, ಸಿಪ್ಪೆ ಸುಲಿದರೆ ಒಳಗೆ ಕಂದು-ಕಪ್ಪು ಗೆರೆ ಕಂಡರೆ ನೆಟೆ. ನೀರು ನಿಲ್ಲುವ ತಗ್ಗಿನಲ್ಲಿ ಎಳೆಯ ಗಿಡಗಳೇ ಸತ್ತರೆ ಅದು ಬೇರೆ ರೋಗ, ಮದ್ದೂ ಬೇರೆ. ಎಲೆ ಚಿಕ್ಕದಾಗಿ, ಗಿಡ ಹಸಿರಾಗಿಯೇ ಇದ್ದು ಹೂ ಕಾಯಿ ಹಿಡಿಯದಿದ್ದರೆ ಗೊಡ್ಡು ರೋಗ; ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ.

ಈಗ ನಿಮ್ಮ ಪ್ರಶ್ನೆ. ನಂಬಬೇಕು ತಾಯಿ, ಖಂಡಿತ ನಂಬಬೇಕು. ಆದರೆ ‘ದೇವರ ಮೇಲೆ ಬಿಟ್ಟೀವಿ’ ಎಂಬ ಮಾತನ್ನು ನಾವು ಬಳಸುವ ರೀತಿಗೆ ನನ್ನ ತಕರಾರಿದೆ. ಬಿಡಬೇಕಾದ್ದು ಮಳೆ, ಮಂಜು, ಆಯುಷ್ಯ. ನಾವು ಬಿಡುವುದು ಬೀಜೋಪಚಾರ.

ಕಲಬುರಗಿಯ ಶರಣಬಸವೇಶ್ವರರ, ನಮ್ಮೆಲ್ಲರ ಶರಣಬಸಪ್ಪಪ್ಪನ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರನ್ನೂ ಇಟ್ಟ ಒಕ್ಕಲಿಗ ಶರಣ. ಈ ಕತೆ ಹೇಳಿ ಕಣ್ಣೊರೆಸಿಕೊಳ್ಳುವವರು ಒಂದು ಸಂಗತಿ ಮರೆಯುತ್ತಾರೆ: ಹಕ್ಕಿ ತಿಂದದ್ದು ಶರಣಬಸಪ್ಪಪ್ಪ ಬಿತ್ತಿ ಬೆಳೆದ ಜೋಳ. ಹರಗದ ಹೊಲಕ್ಕೆ ಹಕ್ಕಿಯೂ ಬರುತ್ತಿರಲಿಲ್ಲ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ದರ್ಗಾಕ್ಕೆ ನಡೆದುಕೊಳ್ಳುವ ನಿಮ್ಮ ನೆರೆಹೊರೆಯವರನ್ನು ಕೇಳಿ, ಒಂಟೆಯ ಪ್ರಸಂಗ ಹೇಳುತ್ತಾರೆ. ಒಂಟೆಯನ್ನು ಕಟ್ಟಲೋ, ಬಿಟ್ಟು ದೇವರನ್ನು ನಂಬಲೋ ಎಂದು ಕೇಳಿದವನಿಗೆ ಪ್ರವಾದಿಯವರು ಹೇಳಿದ್ದು, ಮೊದಲು ಕಟ್ಟು, ಆಮೇಲೆ ನಂಬು ಎಂದು. ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಇನ್ನೂ ಖಡಕ್ಕು. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಶಿವ ಕೊಟ್ಟನೆಂದು ಒಳಗಿಟ್ಟುಕೊಳ್ಳಲಿಲ್ಲ. ಸುರಿದು ಬಾ ಎಂದು ತಿರುಗಿ ಕಳಿಸಿದಳು.

ನಿಮ್ಮ ಒಂಟೆ ಕಟ್ಟುವ ಬಗೆ ಹೀಗೆ. ಎಕರೆಗೆ 5 ಕೆಜಿ ಹಿಡಿದರೆ ಆರು ಎಕರೆಗೆ 30 ಕೆಜಿ ಬೀಜ. ಕೆಜಿಗೆ 4 ಗ್ರಾಂ ಟ್ರೈಕೊಡರ್ಮಾ ಎಂಬ ಜೈವಿಕ ಮದ್ದು, ಅಂದರೆ ಒಟ್ಟು 120 ಗ್ರಾಂ. ಬೆಲ್ಲದ ತೆಳು ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಬಲ ಹೆಚ್ಚಲಿ ಎಂದು ಅದರ ಜೊತೆ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಕಲಸುವವರಿದ್ದಾರೆ. ಟ್ರೈಕೊಡರ್ಮಾ ಕೂಡ ಜೀವಂತ ಶಿಲೀಂಧ್ರವೇ, ಆ ಔಷಧಿ ಅದನ್ನೇ ಕೊಲ್ಲುತ್ತದೆ. ಹಾಗೆಯೇ ಗಿಡ ಬಾಡಿದ ಮೇಲೆ ಬುಡಕ್ಕೆ ಔಷಧಿ ಸುರಿದರೆ ದುಡ್ಡು ಮಣ್ಣಿಗೆ. ರೋಗ ನಾಳದೊಳಗಿದೆ, ಗಿಡ ತಿರುಗಿ ಏಳುವುದಿಲ್ಲ. ಬೇರುಸಮೇತ ಕಿತ್ತು ಸುಡಿ. ಅಲ್ಲೇ ಬಿಟ್ಟರೆ ಆ ಕೂಳೆಯಲ್ಲಿ ಶಿಲೀಂಧ್ರ ವರ್ಷಗಟ್ಟಲೆ ಬದುಕುತ್ತದೆ. ತೊಗರಿ ಮೇಲೆ ತೊಗರಿ ಹಾಕುವುದೆಂದರೆ ಅದಕ್ಕೆ ನಾವೇ ದಾಸೋಹ ನಡೆಸಿದಂತೆ. ಎರಡು ಮೂರು ವರ್ಷ ಆ ಹೊಲಕ್ಕೆ ಜೋಳ ಹಾಕಿ; ಮೇಲೆ ಹೇಳಿದ ಬೀಜೋಪಚಾರ ತಿರುಗಿ ತೊಗರಿ ಬಿತ್ತುವಾಗಿನದು.

ತಳಿಯ ವಿಷಯದಲ್ಲಿ ಒಂದು ತಮಾಷೆ ಇದೆ. ನೆಟೆ ತಡೆಯಲೆಂದು 1986ರಲ್ಲಿ ಕರ್ನಾಟಕಕ್ಕೆ ಬಂದ ತಳಿಯ ಹೆಸರು ಮಾರುತಿ. ದೇವರ ಹೆಸರಿನ ಆ ತಳಿ ನೆಟೆಯನ್ನು ತಡೆಯಿತು, ಗೊಡ್ಡು ರೋಗಕ್ಕೆ ಮಾತ್ರ ಸೋತಿತು. ಆಮೇಲೆ ನಮ್ಮ ಕಲಬುರಗಿ ಸಂಶೋಧನಾ ಕೇಂದ್ರದಿಂದಲೇ ಟಿಎಸ್-3ಆರ್ ಬಂತು. ನೆಟೆ, ಗೊಡ್ಡು ಎರಡನ್ನೂ ತಡೆಯುವ ಬಿಎಸ್‌ಎಂಆರ್-736 ಇದೆ. ‘ಅದನ್ನೇ ಹಾಕಿದ್ವಿ, ಆದ್ರೂ ಒಣಗ್ತು’ ಎನ್ನುತ್ತೀರೇನೋ. ಮನೆಯ ಬೀಜ ಎಷ್ಟು ವರ್ಷದ್ದು? ತೊಗರಿ ಹೂವಿಗೆ ಜೇನ್ನೊಣ ಪಕ್ಕದ ಹೊಲದ ಪರಾಗ ತರುತ್ತದೆ. ಮೂರು ನಾಲ್ಕು ವರ್ಷದಲ್ಲಿ ಚೀಲದ ಮೇಲಿನ ಹೆಸರು ಅದೇ ಇರುತ್ತದೆ, ಒಳಗಿನ ಬೀಜ ಬೆರಕೆಯಾಗಿರುತ್ತದೆ. ಹೊಸ ಬೀಜ ತಂದರೂ 100 ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಣಿಸಿ. 75 ಮೊಳೆಯದಿದ್ದರೆ ರಸೀದಿ ಹಿಡಿದು ಅಂಗಡಿಗೆ ನಡೆಯಿರಿ. ರಸೀದಿ ಇಟ್ಟುಕೊಂಡಿದ್ದೀರಿ ತಾನೆ?

ವಿಮೆ ಬಾರದ್ದಕ್ಕೂ ದೈವೇಚ್ಛೆ ಅಂದರಂತೆ, ಅದೂ ನಾನು ಬಿಟ್ಟ ಭಾಗದಲ್ಲಿದೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮುಂಗಾರಿಗೆ ವಿಮಾ ಮೊತ್ತದ 2% ನೀವು ಕಟ್ಟುತ್ತೀರಿ. ರೋಗದಿಂದಾದ ನಷ್ಟವನ್ನು ಲೆಕ್ಕ ಹಾಕುವುದು ನಿಮ್ಮ ಹೊಲದಿಂದಲ್ಲ, ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯಿಂದ. ಊರಿನ ಉಳಿದ ಹೊಲಗಳು ಚೆನ್ನಾಗಿದ್ದರೆ ನಿಮಗೆ ಬರುವುದಿಲ್ಲ. ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ, ಕೊಯ್ದು ಹರಡಿದ ತೊಗರಿ 14 ದಿನದೊಳಗೆ ಅಕಾಲ ಮಳೆಗೆ ನೆನೆದರೆ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ನಿಮ್ಮ ಹೊಲದ ಲೆಕ್ಕ. ಅದೂ 72 ಗಂಟೆಯೊಳಗೆ ತಿಳಿಸಿದರೆ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ತೊಗರಿ ಬದಲು ಹೆಸರುಕಾಳು ಎಂದು ದಾಖಲಾಗಿದ್ದರೂ ಕತೆ ಮುಗಿಯಿತು. ಇದರಲ್ಲಿ ದೇವರ ಕೈವಾಡ ಎಲ್ಲಿದೆ? ಕಟ್ಟಿಸಿಕೊಳ್ಳುವಾಗ ಯಾರೂ ಬಿಡಿಸಿ ಹೇಳಲಿಲ್ಲ, ಅಷ್ಟೇ. ಬೆಳಿಗ್ಗೆ ಟಿವಿಯಲ್ಲಿ ಕೂತು ಗ್ರಹದೋಷ ಎನ್ನುವವನಿಗೂ, ಕಳಪೆ ಬೀಜ ಮಾರಿ ‘ಮಳಿ ಸರಿ ಆಗಿಲ್ರಿ’ ಎನ್ನುವವನಿಗೂ, ಟೇಬಲ್ಲಿನ ಆಚೆ ಕೂತು ‘ನಮ್ಮ ಕೈಯಾಗೇನದ’ ಎನ್ನುವವನಿಗೂ ದೇವರು ಬಹಳ ಅನುಕೂಲದವನು. ಎಲ್ಲರ ತಪ್ಪನ್ನೂ ಹೊರುತ್ತಾನೆ, ತಿರುಗಿ ಮಾತಾಡುವುದಿಲ್ಲ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದಕ್ಕೆ ಹೆಮ್ಮೆಪಟ್ಟೆವು. ‘ತೊಗರಿಯ ಕಣಜ’ ಎಂಬ ಬಿರುದಿನ ಹಿಂದೆ ಬಿದ್ದು ಜೋಳವನ್ನು ಹೊಲದಿಂದ ಹೊರಹಾಕಿದ್ದನ್ನು ಯಾವ ವೇದಿಕೆಯಲ್ಲೂ ಹೇಳಲಿಲ್ಲ.

ಓಣಿಯವರ ಮಾತಿಗೆ ಬರುತ್ತೇನೆ, ನಿಮಗೆ ಎಲ್ಲಕ್ಕಿಂತ ನೋವಾಗಿರುವುದು ಅದೇ. ನಮ್ಮ ಪಕ್ಕದ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ ಹರಳಯ್ಯ ಮತ್ತು ಮಧುವರಸರು ಜಾತಿ ಮೀರಿ ತಮ್ಮ ಮಕ್ಕಳಿಗೆ ಮದುವೆ ಮಾಡಿದ್ದಕ್ಕೆ ಪ್ರಾಣ ಕೊಟ್ಟರು. ಬಸವಣ್ಣನವರು ಕಟ್ಟಿದ ಕಲ್ಯಾಣ ಅವರ ಕಣ್ಣೆದುರೇ ಒಡೆಯಿತು, ಅವರು ಕೂಡಲಸಂಗಮಕ್ಕೆ ನಡೆದರು. ಯಾವ ಹರಕೆ ಬಾಕಿ ಇತ್ತು ಅವರದು? ಚೆನ್ನಬಸವಣ್ಣನವರ ಜೊತೆ ಉಳವಿಯ ದಾರಿ ಹಿಡಿದವರು ವಚನದ ಕಟ್ಟುಗಳನ್ನು ಹೊತ್ತು ನಡೆದರು ಎನ್ನುವುದು ಪರಂಪರೆಯ ಮಾತು. ಎಲ್ಲ ಕಳೆದುಹೋದ ಹೊತ್ತಿನಲ್ಲೂ ಯಾವುದನ್ನು ಹೊರಬೇಕೆಂದು ಅವರಿಗೆ ಗೊತ್ತಿತ್ತು. ಅದನ್ನೇ ನಾನು ನಂಬಿಕೆ ಎನ್ನುತ್ತೇನೆ. ನೀವು ಎರಡು ವರ್ಷ ಒಣಗಿದ ಹೊಲ ನೋಡಿಯೂ ಮೂರನೆಯ ಬಿತ್ತನೆಯ ಮಾತಾಡುತ್ತಿದ್ದೀರಿ. ಅದು ನಿಮ್ಮಲ್ಲಿ ನನಗಿಂತ ಹೆಚ್ಚಿದೆ. ಮಗಳ ಲಗ್ನ ನಿಂತದ್ದು ಹರಕೆಯಿಂದಲ್ಲ, ನಿಮ್ಮಿಂದಲೂ ಅಲ್ಲ. ಗಾಣಗಾಪುರಕ್ಕೆ ಹೋಗಿ ಬನ್ನಿ, ಪ್ರೀತಿಯಿಂದ ಹೋಗಿ. ದಂಡ ಕಟ್ಟುವವರ ಹಾಗೆ ಹೋಗಬೇಡಿ.

ಎಳ್ಳಮಾವಾಸ್ಯೆಗೆ ಎಡೆಯ ಚರಗ ಚೆಲ್ಲುತ್ತ ಹೊಲದ ಸುತ್ತ ತಿರುಗುತ್ತೀರಲ್ಲ, ಸರಿಯಾಗಿ ನೆಟೆ ಕಣ್ಣಿಗೆ ಬೀಳುವ ಕಾಲ ಅದು. ಹಿರಿಯರು ಹೊಲ ನೋಡುವುದನ್ನೇ ಪೂಜೆ ಮಾಡಿಟ್ಟಿದ್ದಾರೆ ಅಂತ ನನ್ನ ಗುಮಾನಿ. ಈ ಸಲ ಐದು ಕಡೆ ನಿಂತು ನೂರು ನೂರು ಗಿಡ ಎಣಿಸಿ, ಬಾಡಿದ ಒಂದನ್ನು ಕಿತ್ತು ಸೀಳಿ, ಕಂಡದ್ದನ್ನು ಬರೆದು ಕಳಿಸಿ. ತಳಿಯ ಹೆಸರು ಮರೆಯಬೇಡಿ. ಪುಣೆಯ ಮಗನನ್ನೂ ಆ ದಿನ ಕರೆಸಿ. ಭಜ್ಜಿ ಮತ್ತು ಸಜ್ಜಿ ರೊಟ್ಟಿಗೆ ನಾಸ್ತಿಕರೂ ಬರುತ್ತಾರೆ.