ಟಾಮ್‌ಕ್ಯಾಟ್ 8.5ರ ಬೆಂಬಲ ಮುಗಿದಿದೆ. ಮುಂದೆ ಯಾವ ಆವೃತ್ತಿ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕಪತ್ರದ ಸಾಫ್ಟ್‌ವೇರ್ ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್) 8.5ರ ಮೇಲೆ ಓಡುತ್ತಿದೆ, ಇದುವರೆಗೂ ಕೈಕೊಟ್ಟಿಲ್ಲ. ಬೆಂಬಲ ಮುಗಿದಿದೆ ಎಂಬ ಕಾರಣಕ್ಕೆ ಬದಲಿಸಲೇಬೇಕೇ? (ಶಿರಸಿಯ ಓದುಗರು)

ಉತ್ತರ: ಬದಲಿಸಲೇಬೇಕು. 8.5ರ ಬೆಂಬಲ 2024ರ ಮಾರ್ಚ್ 31ಕ್ಕೆ ಮುಗಿಯಿತು, 8.5.100 ಅದರ ಕೊನೆಯ ಬಿಡುಗಡೆ. ಸರ್ವರ್ ಓಡುತ್ತಲೇ ಇರುತ್ತದೆ ನಿಜ, ಆದರೆ ಆಮೇಲೆ ಸಿಕ್ಕ ಭದ್ರತಾ ದೋಷಗಳಿಗೆ ಪ್ಯಾಚ್ ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಹೊರಬಿದ್ದ, ಸಿವಿಇ-2025-24813 ಎಂಬ ಗುರುತಿನ ಸಂಖ್ಯೆಯ ದೋಷವನ್ನೇ ನೋಡಿ. ಡೀಫಾಲ್ಟ್ ಸರ್ವ್‌ಲೆಟ್‌ಗೆ (ಫೈಲುಗಳನ್ನು ಬ್ರೌಸರ್‌ಗೆ ಕೊಡುವ ಭಾಗ) ಬರೆಯುವ ಅನುಮತಿ ಕೊಟ್ಟಿದ್ದು, ಇನ್ನೂ ಕೆಲವು ಷರತ್ತುಗಳು ಕೂಡಿಬಂದರೆ, ಹೊರಗಿನವರು ನಿಮ್ಮ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. 9.0.99, 10.1.35 ಮತ್ತು 11.0.3ರಲ್ಲಿ ಅದನ್ನು ಸರಿಪಡಿಸಿದರು. 8.5ರಲ್ಲೂ ಅದೇ ದೋಷವಿದೆ, ಪ್ಯಾಚ್ ಇಲ್ಲ. ವೆಬ್.ಎಕ್ಸ್‌ಎಮ್‌ಎಲ್‌ನಲ್ಲಿ ಯಾರಾದರೂ ‘ರೀಡ್‌ಓನ್ಲಿ’ಯನ್ನು ‘ಫಾಲ್ಸ್’ ಮಾಡಿದ್ದಾರೆಯೇ ಎಂದು ಇವತ್ತೇ ನೋಡಿಕೊಳ್ಳಿ.

ನಿಮಗೆ ಸುಲಭದ ದಾರಿ ಟಾಮ್‌ಕ್ಯಾಟ್ 9. 8.5ಕ್ಕೆ ಜಾವಾ 7 ಸಾಕಿತ್ತು, 9ಕ್ಕೆ ಕನಿಷ್ಠ ಜಾವಾ 8 ಬೇಕು. ಹಳೆಯ ಫೋಲ್ಡರ್ ಮೇಲೆಯೇ ಹೊಸದನ್ನು ಬಿಚ್ಚಬೇಡಿ. ಎರಡು ಆವೃತ್ತಿಗಳ ಜಾರ್ ಫೈಲುಗಳು (ಜಾವಾ ಕೋಡಿನ ಕಟ್ಟುಗಳು) ಬೆರೆತರೆ ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕಷ್ಟ. ಬೇರೆ ಫೋಲ್ಡರ್‌ನಲ್ಲಿ, ಬೇರೆ ಪೋರ್ಟ್‌ನಲ್ಲಿ ಏರಿಸಿ ಪರೀಕ್ಷಿಸಿ. ಹಳೆಯ ಸರ್ವರ್.ಎಕ್ಸ್‌ಎಮ್‌ಎಲ್ ಅನ್ನೂ ಇಡಿಯಾಗಿ ನಕಲು ಮಾಡಬೇಡಿ. 9ರ ಜೊತೆ ಬಂದ ಫೈಲನ್ನೇ ಇಟ್ಟುಕೊಂಡು, ನಿಮ್ಮ ಕನೆಕ್ಟರ್ (ಪೋರ್ಟ್‌ನ ವಿವರ) ಮತ್ತು ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕದ ವಿವರ) ಸಾಲುಗಳನ್ನಷ್ಟೇ ಅದಕ್ಕೆ ಸೇರಿಸಿ.

ಸಾಮಾನ್ಯವಾಗಿ ಮರೆತುಹೋಗುವುದು ಎರಡು. ಲಿಬ್ ಫೋಲ್ಡರ್‌ನಲ್ಲಿದ್ದ ಡೇಟಾಬೇಸ್ ಡ್ರೈವರ್ ಒಂದು. ಅದಿಲ್ಲದಿದ್ದರೆ ಡೇಟಾಬೇಸ್ ಸಂಪರ್ಕವೇ ಸಿಗದು. ಬಿನ್ ಫೋಲ್ಡರ್‌ನ ಸೆಟ್‌ಎನ್‌ವಿ ಎಂಬ ಫೈಲು ಇನ್ನೊಂದು. ಮೆಮೊರಿಯ ಮಿತಿಯನ್ನು ಅದರಲ್ಲಿ ಬರೆದಿಟ್ಟಿದ್ದು ಅದು ಹಿಂದೆಯೇ ಉಳಿದರೆ, ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು, ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಮೆಮೊರಿ ಸಾಲದೆ ಬೀಳುತ್ತದೆ.

ಮುಂದೆ ಅಪಾಚೆ ವೆಬ್ ಸರ್ವರ್ ಇಟ್ಟು ಎಜೆಪಿ (ವೆಬ್ ಸರ್ವರ್ ಮತ್ತು ಟಾಮ್‌ಕ್ಯಾಟ್ ನಡುವಿನ ಸಂಪರ್ಕ ವಿಧಾನ) ಮೂಲಕ ಜೋಡಿಸಿದ್ದರೆ ಇನ್ನೊಂದು ವಿಷಯ. 2020ರ ಘೋಸ್ಟ್‌ಕ್ಯಾಟ್ ದೋಷದ ನಂತರ, ಅಂದರೆ 8.5.51 ಮತ್ತು 9.0.31ರಿಂದ, ಎಜೆಪಿ ತಾನಾಗಿ ತೆರೆದಿರುವುದಿಲ್ಲ. ತೆರೆದರೂ ಅದೇ ಯಂತ್ರದೊಳಗಿನ ಸಂಪರ್ಕಕ್ಕಷ್ಟೇ ಓಗೊಡುತ್ತದೆ, ‘ಸೀಕ್ರೆಟ್’ ಕೊಡದಿದ್ದರೆ ಶುರುವಾಗುವುದೇ ಇಲ್ಲ. ಅದೇ ಸೀಕ್ರೆಟ್ಟನ್ನು ಎರಡೂ ಕಡೆ ಬರೆಯಿರಿ. ‘ಸೀಕ್ರೆಟ್ ರಿಕ್ವಯರ್ಡ್’ ಅನ್ನು ‘ಫಾಲ್ಸ್’ ಮಾಡಿ ಎಂಬ ಸಲಹೆ ಸಿಕ್ಕರೆ ಕೇಳಬೇಡಿ.

9ರ ಬೆಂಬಲವೂ 2027ರ ಮಾರ್ಚ್ 31ರವರೆಗೆ ಮಾತ್ರ. ಆದ್ದರಿಂದ ಮುಂದಿನ ಪ್ರಶ್ನೆ ನಿಮಗೂ ಬೇಕಾದದ್ದೇ.

ಪ್ರಶ್ನೆ: ನಮ್ಮ ವಾರ್ ಫೈಲನ್ನು (ವೆಬ್ ಆ್ಯಪ್‌ನ ಇಡೀ ಕಟ್ಟು) ಟಾಮ್‌ಕ್ಯಾಟ್ 10.1ಕ್ಕೆ ಹಾಕಿದರೆ ಎಲ್ಲ ಪುಟಕ್ಕೂ ‘ಪುಟ ಸಿಗಲಿಲ್ಲ’ ಎಂಬ 404 ಬರುತ್ತಿದೆ. 9ರಲ್ಲಿ ಸರಿಯಾಗಿತ್ತು. (ಹುಬ್ಬಳ್ಳಿಯ ಓದುಗರು)

ಉತ್ತರ: ಜಾವಾ ಇಇ (ಸರ್ವರ್ ಆ್ಯಪ್‌ಗಳಿಗಾಗಿ ಇರುವ ಜಾವಾ ಮಾನದಂಡ) ಎಕ್ಲಿಪ್ಸ್ ಫೌಂಡೇಶನ್‌ಗೆ ಹೋದಮೇಲೆ ಅದರ ಪ್ಯಾಕೇಜುಗಳ ಹೆಸರು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ಕ್ಕೆ ಬದಲಾಯಿತು. ಟಾಮ್‌ಕ್ಯಾಟ್ 10ರಿಂದ ಹೊಸ ಹೆಸರು ಮಾತ್ರ ನಡೆಯುತ್ತದೆ. ನಿಮ್ಮ ಹಳೆಯ ಸರ್ವ್‌ಲೆಟ್‌ಗಳನ್ನು (ಪುಟದ ಕೋರಿಕೆಗೆ ಉತ್ತರಿಸುವ ಜಾವಾ ಕೋಡ್) ಅದು ಗುರುತಿಸುವುದಿಲ್ಲ.

ತಾತ್ಕಾಲಿಕವಾಗಿ ‘ವೆಬ್‌ಆ್ಯಪ್ಸ್-ಜಾವಾಇಇ’ ಎಂಬ ಫೋಲ್ಡರ್ ಮಾಡಿ ವಾರ್ ಫೈಲನ್ನು ಅದರಲ್ಲಿಡಿ. ಟಾಮ್‌ಕ್ಯಾಟ್ ತಾನೇ ಪರಿವರ್ತಿಸಿ ವೆಬ್‌ಆ್ಯಪ್ಸ್‌ಗೆ ಹಾಕುತ್ತದೆ. ಮೂಲ ಕೋಡ್ ಕೈಯಲ್ಲಿದ್ದರೆ ಅದನ್ನೇ ಬದಲಿಸುವುದು ಉತ್ತಮ. ಆದರೆ ಕಣ್ಣುಮುಚ್ಚಿ ಎಲ್ಲ ‘ಜಾವಾಎಕ್ಸ್’ ಹೆಸರುಗಳನ್ನೂ ತಿದ್ದಬೇಡಿ: ಸರ್ವ್‌ಲೆಟ್, ಪರ್ಸಿಸ್ಟೆನ್ಸ್, ಮೇಲ್ ಬದಲಾಗುತ್ತವೆ, ಜಾವಾಎಕ್ಸ್.ಎಸ್‌ಕ್ಯೂಎಲ್, ಜಾವಾಎಕ್ಸ್.ನೇಮಿಂಗ್ ಜಾವಾದೊಳಗೇ ಇರುವಂಥವು, ಹಾಗೇ ಉಳಿಯಬೇಕು. ಸ್ಪ್ರಿಂಗ್ (ಜಾವಾ ಆ್ಯಪ್ ಕಟ್ಟುವ ಚೌಕಟ್ಟು) 5 ಬಳಸುತ್ತಿದ್ದರೆ ಜೊತೆಗೇ 6ಕ್ಕೆ ಏರಬೇಕು, ಅದಕ್ಕೆ ಜಾವಾ 17 ಬೇಕು. ಬರಿಯ ಟಾಮ್‌ಕ್ಯಾಟ್ 10.1ಕ್ಕೆ ಜಾವಾ 11 ಸಾಕು, ಟಾಮ್‌ಕ್ಯಾಟ್ 11ಕ್ಕೆ ಜಾವಾ 17 ಬೇಕು. 10.0ರಲ್ಲಿ ನಿಲ್ಲಬೇಡಿ, ಅದರ ಬೆಂಬಲ 2022ರ ಅಕ್ಟೋಬರ್ 31ಕ್ಕೇ ಮುಗಿದಿದೆ.

ಪ್ರಶ್ನೆ: ಸ್ಪ್ರಿಂಗ್ ಬೂಟ್ ಬಳಸುವ ನಮಗೆ ಟಾಮ್‌ಕ್ಯಾಟ್ ಚಿಂತೆ ಇದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಇದೆ, ಅದು ನಿಮ್ಮ ಜಾರ್‌ನೊಳಗೇ ಕೂತಿದೆ. ಆ್ಯಪ್ ಶುರುವಾದಾಗ ಲಾಗ್‌ನಲ್ಲಿ ‘ಅಪಾಚೆ ಟಾಮ್‌ಕ್ಯಾಟ್’ ಎಂದಿರುವ ಸಾಲಿನಲ್ಲಿ ಆವೃತ್ತಿ ಕಾಣುತ್ತದೆ. ಬೂಟ್ 2.7ರಲ್ಲಿ ಟಾಮ್‌ಕ್ಯಾಟ್ 9.0 ಇದೆ, 2.7ರ ಉಚಿತ ಬೆಂಬಲ 2023ರಲ್ಲೇ ಮುಗಿದಿರುವುದರಿಂದ ಬೂಟ್ ಮೂಲಕ ಹೊಸ ಪ್ಯಾಚ್ ಬರುವುದಿಲ್ಲ. ಬೂಟ್ 3ಕ್ಕೆ ಏರುವವರೆಗೆ ಮೇವನ್‌ನ (ಬಿಲ್ಡ್ ಮಾಡುವ ಸಾಧನ) ಪ್ರಾಪರ್ಟೀಸ್‌ನಲ್ಲಿ ‘ಟಾಮ್‌ಕ್ಯಾಟ್.ವರ್ಶನ್’ ಎಂದು 9.0ರ ಇತ್ತೀಚಿನ ಸಂಖ್ಯೆ ಬರೆದು, ಮತ್ತೆ ಬಿಲ್ಡ್ ಮಾಡಿ, ಅದೇ ಲಾಗ್ ಸಾಲಿನಲ್ಲಿ ಖಚಿತಪಡಿಸಿಕೊಳ್ಳಿ.