ಮೊಳಕಾಲ್ಮೂರಿನಿಂದ: ಜ್ವರಕ್ಕೆ ಹೊಟ್ಟೆ ಸ್ಕ್ಯಾನಿಂಗ್ ಯಾಕೆ?

ಜ್ವರ ಬಂದವರಿಗೆ ಹೊಟ್ಟೆ ಸ್ಕ್ಯಾನಿಂಗ್ ಬರೆದುಕೊಡೋದು ದುಡ್ಡು ಕೀಳೋಕಾ ಅಂತ ಕೇಳಿದ್ದೀರಿ. ಅಣ್ಣನ ಮಗನಿಗೆ ಡೆಂಗಿ ಬರೋ ತನಕ ನನಗೂ ಇದೇ ಅನುಮಾನ ಇತ್ತು.

ಮೊದಲು ನಮ್ಮ ಕಡೆಯ ಪರಿಸ್ಥಿತಿ ಹೇಳ್ತೀನಿ. ಜಿಲ್ಲೆ ಚಿತ್ರದುರ್ಗ, ಆದರೆ ದೊಡ್ಡಾಸ್ಪತ್ರೆ ಅಂದರೆ ನಮಗೆ ಬಳ್ಳಾರಿಯೇ ಹತ್ತಿರ. ಅದಕ್ಕಿಂತ ಹತ್ತಿರ ಆಂಧ್ರದ ರಾಯದುರ್ಗ. ಮಳೆ ಕಮ್ಮಿ, ನಲ್ಲಿ ನೀರು ದಿನಾ ಬರಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಡ್ರಮ್ಮು, ತೊಟ್ಟಿ ತುಂಬಿಟ್ಟಿರ್ತೀವಿ. ಆ ತಿಳಿನೀರೇ ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋ ಜಾಗ. ಇದು ಕಚ್ಚೋದು ಹಗಲು ಹೊತ್ತು. ನೇಕಾರರು ಹಗಲೆಲ್ಲ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿರ್ತಾರೆ. ಕತ್ತಲ ಗುಂಡಿಯಲ್ಲಿ ಬರಿಗಾಲು, ಕೈಯಲ್ಲಿ ರೇಷ್ಮೆ ಎಳೆ. ಸೊಳ್ಳೆ ಹೊಡೆಯೋಕೆ ಯಾರು ಬಗ್ಗುತ್ತಾರೆ?

ಹುಡುಗನಿಗೆ ನಾಲ್ಕನೇ ದಿನ ಜ್ವರ ಬಿಡ್ತು. ಅತ್ತಿಗೆ ಗಂಜಿ ಮಾಡಿ ಕುಡಿಸಿದರು, ಅದು ನಿಲ್ಲಲಿಲ್ಲ. ಬಲಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡ್ಕೊಂಡು ಮುದುರಿ ಮಲಗಿದ. ಪಕ್ಕದ ಮನೆಯ ತೆಲುಗು ಅಜ್ಜಿ 'ಕಡುಪು ನೊಪ್ಪಿ', ಅಂದರೆ ಹೊಟ್ಟೆನೋವು, ಅಂತ ಓಮದ ನೀರು ತಂದರು. ಹತ್ತಿರದ ಒಬ್ಬ ಡಾಕ್ಟರು ಮುಟ್ಟಿ ನೋಡಿ, ಪಿತ್ತಕೋಶಕ್ಕೆ ಸೋಂಕಾಗಿದೆ, ಆಪರೇಷನ್ ಬೇಕಾಗಬಹುದು ಅಂದರು. ರಾತ್ರೋರಾತ್ರಿ ಬಳ್ಳಾರಿಗೆ ಹೊರಟೆವು.

ಸ್ಕ್ಯಾನಿಂಗ್ ಮಾಡ್ತಿದ್ದ ಮೇಡಂ ಪರದೆ ನಮ್ಮ ಕಡೆ ತಿರುಗಿಸಿದರು. ಪಿತ್ತಕೋಶದ ಗೋಡೆ ಸಾಮಾನ್ಯವಾಗಿ 3 ಮಿಲಿಮೀಟರ್ ದಾಟಲ್ಲ. ಇವನದು 8 ಆಗಿತ್ತು. ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ, ಮತ್ತೆ ಕಪ್ಪು. ಸೀರೆ ಅಂಚು ನೇಯ್ದ ಹಾಗೆ ಕಂಡಿತು ನನಗೆ. ಕಲ್ಲು ಒಂದೂ ಇರಲಿಲ್ಲ. ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವೆ ಒಂದು ಕಪ್ಪು ಪಟ್ಟಿ, ಅದು ನೀರು. ಬಲ ಶ್ವಾಸಕೋಶದ ಕೆಳಗೂ ಸ್ವಲ್ಪ ನೀರು. ಯಕೃತ್ತು ಊದಿತ್ತು. "ಇದು ಪಿತ್ತಕೋಶದ ಕಾಯಿಲೆ ಅಲ್ಲಪ್ಪ, ಡೆಂಗಿಯಲ್ಲಿ ಹೀಗಾಗುತ್ತೆ, ಕತ್ತರಿ ಹಾಕೋದು ಬೇಡ" ಅಂದರು. ಅತ್ತಿಗೆ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟರು.

ಆಗೋದು ಇಷ್ಟು. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೊರಗೆ ಜಿನುಗುತ್ತೆ. ಪಿತ್ತಕೋಶದ ಗೋಡೆಯಲ್ಲಿ, ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ಸೇರಿಕೊಳ್ಳುತ್ತೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತೆ. ಹುಡುಗನ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣ ಶೇಕಡಾ ಎಷ್ಟು ಅನ್ನೋ ಲೆಕ್ಕ, 36 ಇದ್ದದ್ದು 46ಕ್ಕೆ ಏರಿತ್ತು. ನಾವು ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತಲೇ ಜಪ ಮಾಡ್ತಿದ್ದೆವು. ಡಾಕ್ಟರು ಮಾತ್ರ ಪಿಸಿವಿ, ಬಿ.ಪಿ., ಮೂತ್ರದ ಅಳತೆ ನೋಡ್ತಿದ್ದರು. ಜಿನುಗು ಜೋರಾದರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ಈ ಗಂಡಾಂತರ ಶುರುವಾಗೋದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯೋ ಹೊತ್ತಿಗೇ. 24ರಿಂದ 48 ಗಂಟೆ ಇರುತ್ತೆ. ಆ ಹೊತ್ತಲ್ಲಿ ಡ್ರಿಪ್ಪನ್ನ ಅಳೆದೂ ತೂಗಿ ಕೊಡಬೇಕು. ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೆ ಅದೂ ಎದೆಗೆ ಇಳಿಯುತ್ತೆ.

ಹಾಗಂತ ಸ್ಕ್ಯಾನಿಂಗ್ ಒಂದರಿಂದಲೇ ಡೆಂಗಿ ಅಂತ ಹೇಳೋಕಾಗಲ್ಲ. ಕಾಮಾಲೆಯಲ್ಲೂ ಪಿತ್ತಕೋಶದ ಗೋಡೆ ದಪ್ಪ ಆಗುತ್ತೆ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್-ಕಾಂಗೋ ಅನ್ನೋ ವೈರಸ್ ಜ್ವರದಲ್ಲೂ ಆಗಬಹುದು. ರೋಗದ ಹೆಸರು ಹೇಳೋದು ರಕ್ತಪರೀಕ್ಷೆ: ಮೊದಲ ಐದು ದಿನ ವೈರಸ್ಸಿನ ಅಂಶ ಹುಡುಕೋ ಎನ್‌ಎಸ್1, ಆಮೇಲೆ ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕೋ ಐಜಿಎಂ. ಮಲೆನಾಡಿನ ಶಿವಮೊಗ್ಗದವರು ಜ್ವರ ಅಂದರೆ 1957ರಿಂದ ಕಾಡ್ತಿರೋ ಮಂಗನ ಕಾಯಿಲೆಗೆ ಹೆದರ್ತಾರೆ. ಅದು ಕಾಡಿನ ಉಣ್ಣೆಯಿಂದ ಬರೋದು. ನಮ್ಮ ಬಯಲುಸೀಮೆಯಲ್ಲಿ ಭಯ ಇರೋದು ನೀರಿನ ಡ್ರಮ್ಮಿನಲ್ಲೇ.

ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗೋದು, ಮೂತ್ರ ಕಮ್ಮಿಯಾಗೋದು, ಒಸಡಲ್ಲಿ ರಕ್ತ ಬರೋದು ಕಂಡರೆ ದಯವಿಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಮೈನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಬೇಡಿ, ರಕ್ತಸ್ರಾವ ಹೆಚ್ಚುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಹತ್ತು ದಿನ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಮಾಡಿಸಿದೆವು. ಪಿತ್ತಕೋಶದ ಗೋಡೆ 2 ಮಿಲಿಮೀಟರ್. ಹೊಟ್ಟೆಯಲ್ಲಿ ನೀರಿಲ್ಲ. ಹುಡುಗ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದ.