ಸಂಪಾದಕರ ಉತ್ತರ: ತಿದ್ದಿದ ಚಿತ್ರಕ್ಕೆ ಒಪ್ಪಿಗೆ ಯಾರದು?

ಮಾನ್ಯ ಓದುಗರೇ,

ಸಿನಿಮಾ ಪೋಸ್ಟರ್‌ಗಳಲ್ಲಿ ನಟಿಯರ ಮೈಕಟ್ಟನ್ನು ಕಂಪ್ಯೂಟರಿನಲ್ಲಿ ತಿದ್ದುವುದರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಪೋಸ್ಟರ್ ಎಂಬುದು ಮೊದಲಿನಿಂದಲೂ ಕಲ್ಪನೆಯ ಚಿತ್ರವಾದ್ದರಿಂದ ಅಲ್ಲಿ ಮೋಸದ ಮಾತೇ ಬರುವುದಿಲ್ಲ, ಅಷ್ಟಾಗಿಯೂ ಆಕ್ಷೇಪವಿದ್ದರೆ ‘ಈ ಚಿತ್ರವನ್ನು ತಿದ್ದಲಾಗಿದೆ’ ಎಂದು ಮೂಲೆಯಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಸಾಕು ಎಂಬುದು ತಮ್ಮ ವಾದ.

ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ಕೈಯಿಂದ ಬರೆದ ಪೋಸ್ಟರ್‌ನಲ್ಲಿ ಕಲಾವಿದ ನಡುವನ್ನು ಸಣ್ಣದಾಗಿ ಬರೆದರೆ ಅದು ಕುಂಚದ ಕೆಲಸವೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಫೋಟೋವನ್ನಾದರೋ ನಾವು ಕ್ಯಾಮೆರಾದ ಮುಂದೆ ನಿಂತವರ ಸಾಕ್ಷ್ಯವೆಂದೇ ನೋಡುತ್ತೇವೆ. 1990ರ ಹಾಲಿವುಡ್ ಚಿತ್ರ ‘ಪ್ರೆಟಿ ವುಮನ್’ ಪೋಸ್ಟರ್‌ನಲ್ಲಿರುವ ಮುಖ ಅದರ ನಾಯಕಿ ಜೂಲಿಯಾ ರಾಬರ್ಟ್ಸ್ ಅವರದು, ದೇಹ ಇನ್ನೊಬ್ಬ ಮಹಿಳೆಯದು. ಅದಕ್ಕೆ ಇಬ್ಬರ ಫೋಟೋಗಳು ಬೇಕಾದವು. 2000ದಲ್ಲಿ ಚಿತ್ರ ತಿದ್ದುವ ತಂತ್ರಾಂಶವಾದ ಫೋಟೋಶಾಪ್‌ಗೆ ‘ಲಿಕ್ವಿಫೈ’ ಎಂಬ ಸಾಧನ ಸೇರಿದ ಮೇಲೆ ಎರಡನೆಯ ದೇಹದ ಅಗತ್ಯವೂ ಉಳಿಯಲಿಲ್ಲ. ಚಿತ್ರವನ್ನು ಹಸಿ ಮಣ್ಣಿನಂತೆ ಒಳಕ್ಕೆ ತಳ್ಳಬಹುದು, ಹೊರಕ್ಕೆ ಎಳೆಯಬಹುದು, ಬೇಕಾದಲ್ಲಿ ಉಬ್ಬಿಸಬಹುದು. ಹಿಂದಿರುವ ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಈ ಕೈಚಳಕ ಬಯಲಾಗುವುದೂ ಉಂಟು. 2004ರ ‘ಕಿಂಗ್ ಆರ್ಥರ್’ ಪೋಸ್ಟರ್‌ನಲ್ಲಿ ನಟಿ ಕೀರಾ ನೈಟ್ಲಿಯವರ ಎದೆಯನ್ನು ದೊಡ್ಡದು ಮಾಡಿದ್ದು ಇದೇ ಬಗೆಯ ತಿದ್ದುಪಡಿ.

ಸೌಂದರ್ಯವರ್ಧಕಗಳ ಜಾಹೀರಾತನ್ನು ಪ್ರಶ್ನಿಸಲು ಒಂದು ಅಳತೆಗೋಲಾದರೂ ಇದೆ. ರಾಬರ್ಟ್ಸ್ ಅವರ ಮುಖವಿದ್ದ ಲೋರಿಯಲ್ ಸಂಸ್ಥೆಯ ಜಾಹೀರಾತನ್ನು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2011ರಲ್ಲಿ ತಡೆದದ್ದು, ಚಿತ್ರದಲ್ಲಿ ಕಾಣುವ ಕಾಂತಿ ಆ ವಸ್ತುವಿನಿಂದಲೇ ಬಂದದ್ದೆಂದು ಕಂಪನಿ ತೋರಿಸಿಕೊಡಲಿಲ್ಲವೆಂಬ ಕಾರಣಕ್ಕೆ. ಸಿನಿಮಾ ಜಾಹೀರಾತಿನಲ್ಲಿ ಸಣ್ಣದಾದ ಸೊಂಟ ಯಾವ ಫಲವನ್ನೂ ಭರವಸೆ ಕೊಡುವುದಿಲ್ಲವಾದ್ದರಿಂದ ಅದನ್ನು ಪರೀಕ್ಷೆಗೆ ಒಡ್ಡುವುದಕ್ಕೂ ದಾರಿಯಿಲ್ಲ.

ಇನ್ನು ತಾವು ಸೂಚಿಸಿದ ಆ ಒಂದು ಸಾಲು. ಫ್ರಾನ್ಸ್‌ನಲ್ಲಿ ರೂಪದರ್ಶಿಯ ದೇಹವನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ ಜಾಹೀರಾತಿಗೆ 2017ರ ಅಕ್ಟೋಬರ್ 1ರಿಂದ ಇಂಥ ಸೂಚನೆ ಕಡ್ಡಾಯವಾಗಿದೆ. ನಾರ್ವೆಯಲ್ಲಿ 2022ರ ಜುಲೈನಿಂದ ಇದೆ. ಆದರೆ ಸೂಚನೆಯನ್ನು ಓದಿದ ಮಾತ್ರಕ್ಕೆ ನೋಡುವವರಿಗೆ ತಮ್ಮ ಮೈಯ ಬಗ್ಗೆ ಮೂಡುವ ಅಸಮಾಧಾನ ಕಡಿಮೆಯಾಗುವುದಿಲ್ಲವೆಂದೇ ಮನಶ್ಶಾಸ್ತ್ರಜ್ಞರ ಹೆಚ್ಚಿನ ಪ್ರಯೋಗಗಳು ತೋರಿಸಿವೆ. ಕಣ್ಣು ಕಂಡದ್ದನ್ನು ಬುದ್ಧಿ ಸುಳ್ಳೆಂದರೂ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಬೇರೆ ಇದೆ. ಆ ಸಾಲು ಮಾತನಾಡುವುದು ನೋಡುವವರೊಡನೆ. ಯಾರ ದೇಹವನ್ನು ತಿದ್ದಲಾಯಿತೋ ಆಕೆಯನ್ನು ಅದು ಏನನ್ನೂ ಕೇಳುವುದಿಲ್ಲ. 2003ರಲ್ಲಿ ಪತ್ರಿಕೆಯೊಂದು ಮುಖಪುಟದಲ್ಲಿ ತಮ್ಮ ಕಾಲುಗಳನ್ನು ತೆಳ್ಳಗೆ ಮಾಡಿದ್ದನ್ನು ಕಂಡ ನಟಿ ಕೇಟ್ ವಿನ್ಸ್ಲೆಟ್, ತಾವು ಹಾಗಿಲ್ಲ, ಹಾಗಿರಬೇಕೆಂಬ ಆಸೆಯೂ ತಮಗಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. 2015ರಲ್ಲಿ ಇನ್ನೊಂದು ಪತ್ರಿಕೆ ತಮ್ಮ ಸೊಂಟವನ್ನು ಕಿರಿದಾಗಿಸಿದ ಚಿತ್ರವನ್ನೂ ಮೂಲಚಿತ್ರವನ್ನೂ ನಟಿ ಜೆಂಡಾಯ ಅಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ಅವರಿಗಿನ್ನೂ 19 ವರ್ಷ; ಆ ಪತ್ರಿಕೆ ತಿದ್ದಿದ ಸಂಚಿಕೆಯನ್ನು ಹಿಂತೆಗೆದುಕೊಂಡಿತು. ತಮ್ಮ ಜಾಹೀರಾತು ಒಪ್ಪಂದದಲ್ಲಿ ಚಿತ್ರವನ್ನು ತಿದ್ದಬಾರದೆಂಬ ಷರತ್ತಿದೆಯೆಂದು ವಿನ್ಸ್ಲೆಟ್ ತಿಳಿಸಿದ್ದೂ ಅದೇ ವರ್ಷ. ಇಂಥ ಷರತ್ತು ಹಾಕುವ ಬಲ ಹೆಸರು ಮಾಡಿದವರಿಗೆ ಇರುತ್ತದೆ. ಮೊದಲ ಚಿತ್ರದ ಒಪ್ಪಂದಕ್ಕೆ ಸಹಿ ಹಾಕುವ ಹುಡುಗಿ, ಪ್ರಚಾರಕ್ಕೆ ತನ್ನ ಚಿತ್ರಗಳನ್ನು ಬೇಕಾದಂತೆ ಬಳಸಬಹುದೆಂಬ ಸಾಲಿಗೂ ಅದೇ ಸಹಿಯನ್ನು ಹಾಕಿರುತ್ತಾಳೆ. ತನ್ನದಲ್ಲದ ಸೊಂಟವನ್ನು ಗೋಡೆಯ ಮೇಲೆ ಕಂಡಾಗ ಆಕೆಗಾಗುವ ಅವಮಾನವನ್ನು ಹಣ ಪಡೆದಿದ್ದಾಳಲ್ಲ ಎಂದು ತಳ್ಳಿಹಾಕುವುದು ನನ್ನಿಂದಾಗದು.

ಈ ತಪ್ಪಿನಲ್ಲಿ ನಮ್ಮ ಪತ್ರಿಕೆಗೂ ಪಾಲಿದೆ. ಬಂದ ಜಾಹೀರಾತನ್ನು ಅಳತೆ ನೋಡಿ ಪುಟಕ್ಕೆ ಕೂರಿಸಿದೆವೇ ಹೊರತು ಇಷ್ಟು ವರ್ಷ ಒಂದು ಮಾತೂ ಕೇಳಲಿಲ್ಲ. ಮುಂದಿನ ಸಂಚಿಕೆಯಿಂದ ತಮ್ಮ ಸಲಹೆಯಂತೆ ತಿದ್ದಿದ ಚಿತ್ರದ ಕೆಳಗೆ ಆ ಸಾಲನ್ನು ಓದುವಷ್ಟು ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ. ಅದರೊಂದಿಗೆ, ಅಂತಿಮ ಚಿತ್ರವನ್ನು ಕಲಾವಿದೆ ಸ್ವತಃ ನೋಡಿ ಒಪ್ಪಿದ್ದಾರೆಯೇ ಎಂದು ಜಾಹೀರಾತುದಾರರನ್ನು ಬರಹದಲ್ಲಿ ಕೇಳುತ್ತೇವೆ. ಉತ್ತರ ಬಾರದ ಜಾಹೀರಾತು ಅಚ್ಚಿಗೆ ಹೋಗುವುದಿಲ್ಲ.

– ಸಂಪಾದಕ